ಹವಳದ ತೊಟ್ಟಿಯ ಹಾವಸೆ: ಗುರುತು ಮೊದಲು, ಮದ್ದು ಆಮೇಲೆ

ಹೊಸದಾಗಿ ಉಪ್ಪುನೀರಿನ ಟ್ಯಾಂಕ್ ಇಟ್ಟವರ ಮನೆಯಲ್ಲಿ ಮೂರನೇ ವಾರದ ಹೊತ್ತಿಗೆ ಸಣ್ಣ ಗಾಬರಿಯೊಂದು ಶುರುವಾಗುತ್ತದೆ. ಬೆಳ್ಳಗಿದ್ದ ಮರಳಿನ ಮೇಲೆ ಯಾರೋ ಕಾಫಿಪುಡಿ ಉದುರಿಸಿದಂತೆ ಕಂದು ಧೂಳು ಕೂರುತ್ತದೆ. ಗಾಜು ಒರೆಸಿದರೆ ಮರುದಿನ ಮತ್ತೆ ಅಷ್ಟೇ. ಒಂದೆರಡು ತಿಂಗಳು ಕಳೆದರೆ ಕಲ್ಲಿನ ಮೇಲೆ ಹಸಿರು ಕೂದಲು, ಅದರ ಬೆನ್ನಿಗೇ ಕೆಂಪು ಲೋಳೆ. ಅಂಗಡಿಗೆ ಹೋಗಿ ಕೇಳಿದರೆ ಒಂದು ಬಾಟಲಿ ಕೈಗೆ ಬರುತ್ತದೆ. ಬಾಟಲಿ ಖಾಲಿಯಾದರೂ ಹಾವಸೆ ಹೋಗುವುದಿಲ್ಲ. ಕೆಲವೊಮ್ಮೆ ಹಾವಸೆ ಉಳಿದು ಹವಳ ಸಾಯುತ್ತದೆ.

ಈ ಸೋಲಿನ ಮೂಲ ಇರುವುದು ಹೆಸರಿನ ಗೊಂದಲದಲ್ಲಿ. ನೀರಿನಲ್ಲಿ ಜಾರುವಂತೆ ಬೆಳೆದದ್ದನ್ನೆಲ್ಲ ಪಾಚಿ, ಹಾವಸೆ ಎಂದು ಕರೆದು ಮುಗಿಸುವುದು ರೂಢಿ. ಟ್ಯಾಂಕಿನೊಳಗೆ ಹಾಗೆ ಕರೆಸಿಕೊಳ್ಳುವ ಜೀವಿಗಳಾದರೋ ಒಂದಕ್ಕೊಂದು ನೆಂಟರೇ ಅಲ್ಲ. ಅವುಗಳಲ್ಲಿ ಒಂದು ಬ್ಯಾಕ್ಟೀರಿಯಾ, ಒಂದು ಗಾಜಿನ ಚಿಪ್ಪು ಹೊತ್ತ ಏಕಕೋಶ ಜೀವಿ, ಇನ್ನೊಂದು ಚಾವಟಿಯಂಥ ಎಳೆ ಬೀಸಿ ಈಜುವ ಜೀವಿ, ಮತ್ತೊಂದು ನಿಜವಾದ ಪಾಚಿ, ಕೊನೆಯದು ಸಾಕ್ಷಾತ್ ಪ್ರಾಣಿ. ಒಂದನ್ನು ಕೊಲ್ಲುವ ಉಪಾಯ ಇನ್ನೊಂದಕ್ಕೆ ಎಡೆ ಇಟ್ಟಂತೆ. ಹಸಿರು ಕೂದಲನ್ನು ಉಪವಾಸ ಕೆಡವಬೇಕೆಂದು ನೀರಿನ ಫಾಸ್ಫೇಟನ್ನು ಸೊನ್ನೆಗೆ ಇಳಿಸಿದವರ ಟ್ಯಾಂಕಿನಲ್ಲಿ, ಆ ಸೊನ್ನೆಗಾಗಿಯೇ ಕಾದಿದ್ದ ಡೈನೊಫ್ಲಾಜೆಲೇಟ್ ಎಂಬ ಚಾವಟಿಯ ಜೀವಿ ಎದ್ದು ಕೂರುವುದು ಈ ಹವ್ಯಾಸದಲ್ಲಿ ಪದೇ ಪದೇ ನಡೆಯುವ ಅನಾಹುತ. ಆದ್ದರಿಂದ ಬಾಟಲಿ ಕೊಳ್ಳುವ ಮೊದಲು ಗುರುತು ಹಿಡಿಯುವ ಕೆಲಸವಾಗಬೇಕು.

ಅದಕ್ಕೆ ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಒಂದು ಬಿಳಿ ಬಟ್ಟಲು, ಹಳೆಯ ಹಲ್ಲುಜ್ಜುವ ಬ್ರಷ್, ಮುಚ್ಚಳವಿರುವ ಸಣ್ಣ ಗಾಜಿನ ಬಾಟಲಿ, ಒಂದಿಷ್ಟು ಟಿಶ್ಯೂ ಕಾಗದ. ಜೊತೆಗೆ 400 ಪಟ್ಟು ದೊಡ್ಡದು ಮಾಡಿ ತೋರಿಸುವ ಸೂಕ್ಷ್ಮದರ್ಶಕ ಸಿಕ್ಕರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಕೊಳ್ಳಲೇಬೇಕೆಂದಿಲ್ಲ. ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಪರಿಚಯದ ಮೇಷ್ಟ್ರೊಬ್ಬರಿದ್ದರೆ ಒಂದು ಹನಿಯನ್ನು ಸ್ಲೈಡಿನ ಮೇಲಿಟ್ಟು ಐದು ನಿಮಿಷದಲ್ಲಿ ಹೇಳಿಬಿಡುತ್ತಾರೆ.

ಕಂದು ಧೂಳು, ಕೆಂಪು ಲೋಳೆ

ಮೊದಲ ವಾರಗಳ ಕಂದು ಧೂಳು ಸಾಮಾನ್ಯವಾಗಿ ಡಯಾಟಮ್. ಇದರ ಪ್ರತಿ ಕೋಶಕ್ಕೂ ಸಿಲಿಕಾದ ಚಿಪ್ಪಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಪುಟ್ಟ ದೋಣಿಯಂತೆಯೋ ಡಬ್ಬಿಯಂತೆಯೋ ಅಚ್ಚುಕಟ್ಟಾದ ಆಕಾರ ಕಾಣುತ್ತದೆ. ಬೆರಳಾಡಿಸಿದರೆ ಪುಡಿಯಾಗಿ ಏಳುತ್ತದೆ, ಎಳೆಯಾಗುವುದಿಲ್ಲ. ಹೊಸ ಮರಳು, ಹೊಸ ಕಲ್ಲು, ಹೊಸ ನೀರಿನಲ್ಲಿರುವ ಸಿಲಿಕೇಟನ್ನು ತಿಂದು ಮುಗಿಸಿ, ಕೆಲವು ವಾರಗಳಲ್ಲಿ ತಾನಾಗಿಯೇ ಕರಗುತ್ತದೆ. ಇದಕ್ಕೆ ಔಷಧಿ ಹಾಕುವುದು ತಪ್ಪು. ಬಸವನಹುಳುಗಳಿಗೆ ಇದು ಒಳ್ಳೆಯ ಊಟ, ಅಷ್ಟೇ.

ಆದರೆ ವರ್ಷ ತುಂಬಿದ ಟ್ಯಾಂಕಿನಲ್ಲಿ ಡಯಾಟಮ್ ಮರಳಿ ಬಂದರೆ ಸಂಶಯ ನೀರಿನ ಮೇಲೆ ಬೀಳಬೇಕು. ಬೆಂಗಳೂರಿನಂಥ ಊರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಗ್ರಾನೈಟ್ ಮತ್ತು ನೈಸ್ ಬಂಡೆಗಳ ನಡುವಿನಿಂದ ಮೇಲೆ ಬರುವ ಬೋರ್‌ವೆಲ್ ನೀರಿನಲ್ಲಿ ಸಿಲಿಕಾ ಸಹಜವಾಗಿಯೇ ಇರುತ್ತದೆ. ನಗರದ ಹಲವು ಕಡೆ ಅಂತರ್ಜಲದಲ್ಲಿ ನೈಟ್ರೇಟೂ ಇದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕುಡಿಯುವವರಿಗೆ ಅದು ಸರಿ, ಹವಳಕ್ಕೆ ಅದು ತೀರ ಹೆಚ್ಚು. ಅಡುಗೆಮನೆಯ ಆರ್‌ಒ ಯಂತ್ರದ ನೀರು ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಆ ಯಂತ್ರಗಳು ಬಾಯಿರುಚಿಗಾಗಿ ಒಂದಿಷ್ಟು ಲವಣಗಳನ್ನು ಉಳಿಸುತ್ತವೆ ಅಥವಾ ಮತ್ತೆ ಸೇರಿಸುತ್ತವೆ. ಹವಳದ ಟ್ಯಾಂಕಿಗೆ ಆರ್‌ಒ ಆದಮೇಲೆ, ಉಳಿದ ಲವಣಗಳನ್ನು ಹೀರುವ ಡಿಐ ರಾಳದ ಕೊಳವೆಯನ್ನೂ ಹಾದುಬಂದ ನೀರು ಬೇಕು. ಟಿಡಿಎಸ್ ಮೀಟರ್ ಅದ್ದಿದರೆ ಸೊನ್ನೆ ತೋರಿಸಬೇಕು. ಒಂದು ತೋರಿಸಿದರೆ ರಾಳ ಬದಲಿಸುವ ಕಾಲ ಬಂತೆಂದು ಲೆಕ್ಕ. ಆವಿಯಾದ ನೀರಿನ ಬದಲಿಗೆ ದಿನವೂ ತುಂಬುವ ನೀರಿಗೂ ಇದೇ ನಿಯಮ. ಬೇಸಿಗೆಯಲ್ಲಿ ದಿನಕ್ಕೆರಡು ಲೀಟರ್ ಬೋರ್‌ವೆಲ್ ನೀರು ಸುರಿದರೆ, ಆವಿಯಾಗುವುದು ನೀರು ಮಾತ್ರ. ಅದರೊಂದಿಗೆ ಬಂದ ಸಿಲಿಕೇಟ್, ನೈಟ್ರೇಟ್ ಒಳಗೇ ಉಳಿದು ಬೆಳೆಯುತ್ತ ಹೋಗುತ್ತವೆ.

ಕೆಂಪು ಲೋಳೆಯ ಹೆಸರು ಸಯನೋಬ್ಯಾಕ್ಟೀರಿಯಾ. ಮರಳಿನ ಮೇಲೆ ಮಖಮಲ್ಲಿನ ಬಟ್ಟೆ ಹಾಸಿದಂತೆ ಹಬ್ಬುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದರಡಿ ಗಾಳಿಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಗುರುತು ಸುಲಭ: ಒಂದು ಅಂಚು ಹಿಡಿದು ಎತ್ತಿದರೆ ಹಾಳೆ ಹಾಳೆಯಾಗಿ ಏಳುತ್ತದೆ. ಇದು ಪಾಚಿಯಲ್ಲ, ದ್ಯುತಿಸಂಶ್ಲೇಷಣೆ ಮಾಡುವ ಬ್ಯಾಕ್ಟೀರಿಯಾ. ಭೂಮಿಯ ವಾತಾವರಣಕ್ಕೆ ಮೊದಲು ಆಮ್ಲಜನಕ ತುಂಬಿದ ವಂಶ ಇದೇ. ಇದರದೇ ಬಳಗದ ಟ್ರೈಕೊಡೆಸ್ಮಿಯಂ ಬೇಸಿಗೆಗೆ ಮುನ್ನ ಮಂಗಳೂರಿನ ಕಡಲಲ್ಲೂ ಮರದ ಹೊಟ್ಟಿನ ಬಣ್ಣದ ಪಟ್ಟೆಗಳಾಗಿ ತೇಲುವುದುಂಟು.

ಈ ಬಳಗದ ಹಲವು ಜೀವಿಗಳಿಗೆ ಗಾಳಿಯ ಸಾರಜನಕವನ್ನೇ ಗೊಬ್ಬರ ಮಾಡಿಕೊಳ್ಳುವ ಶಕ್ತಿ ಇದೆ. ಹಾಗಾಗಿ ನೈಟ್ರೇಟ್ ಸೊನ್ನೆಗಿಳಿದು ಫಾಸ್ಫೇಟ್ ಮಾತ್ರ ಉಳಿದ ನೀರಿನಲ್ಲಿ ಉಳಿದವರೆಲ್ಲ ಹಸಿದಿರುವಾಗ ಇವು ಹಬ್ಬ ಮಾಡುತ್ತವೆ. ನೈಟ್ರೇಟ್ ಕಡಿಮೆ ಮಾಡಿದಷ್ಟೂ ಕೆಂಪು ಲೋಳೆ ಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಮಾಡಬೇಕಾದದ್ದು ಬೇರೆ. ಲೋಳೆಯನ್ನು ಸಣ್ಣ ಪೈಪಿನಿಂದ ಹೀರಿ ತೆಗೆಯಬೇಕು. ನೀರು ಓಡಾಡದ ಮೂಲೆಗಳಿಗೆ ಪಂಪಿನ ಮುಖ ತಿರುಗಿಸಬೇಕು. ಮರಳಿನಲ್ಲಿ ಹೂತ ಕಸ, ತಿನ್ನದೆ ಬಿಟ್ಟ ಆಹಾರ ತೆಗೆಯಬೇಕು. ನೈಟ್ರೇಟ್ ಸೊನ್ನೆಯಿದ್ದರೆ ಅದನ್ನು ಮೇಲೆತ್ತಬೇಕು. ಆಂಟಿಬಯಾಟಿಕ್ ಪುಡಿ ಹಾಕಿದರೆ ಎರಡು ದಿನದಲ್ಲಿ ಮಾಯವಾಗುವುದು ನಿಜ. ಆದರೆ ಸಾಯುವ ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕ ಕುಸಿದು ರಾತ್ರಿ ಬೆಳಗಾಗುವುದರೊಳಗೆ ಮೀನು ಸತ್ತಿರಬಹುದು. ಕಾರಣ ಉಳಿದಿದ್ದರೆ ಲೋಳೆಯೂ ಮರಳುತ್ತದೆ. ಉಳಿದದ್ದೆಲ್ಲ ಸೋತ ಮೇಲೆ, ಗಾಳಿಯ ಪಂಪ್ ಜೋರಾಗಿ ಓಡಿಸಿಕೊಂಡು ಬಳಸುವ ಕೊನೆಯ ಅಸ್ತ್ರ ಅದು.

ಗೊಣ್ಣೆಯಂಥ ಎಳೆಗಳು

ಕಂದು ಬಣ್ಣ, ಗೊಣ್ಣೆಯಂತೆ ಜೋತಾಡುವ ಎಳೆ, ಎಳೆಯ ತುದಿಯಲ್ಲೊಂದು ಗಾಳಿಗುಳ್ಳೆ. ಬೆಳಿಗ್ಗೆ ದೀಪ ಹೊತ್ತುವಾಗ ಟ್ಯಾಂಕ್ ಶುಭ್ರ. ಸಂಜೆಗೆ ಮತ್ತೆ ಎಲ್ಲೆಲ್ಲೂ ಎಳೆ. ಅದನ್ನು ತಿಂದ ಬಸವನಹುಳುಗಳು ಮಗುಚಿ ಬೀಳತೊಡಗಿದರೆ ಸಂಶಯವೇ ಬೇಡ, ಡೈನೊಫ್ಲಾಜೆಲೇಟ್ ಬಂದಿದೆ. ಹವಳ ಸಾಕುವವರು ನಿಜವಾಗಿ ಹೆದರಬೇಕಾದದ್ದು ಇದಕ್ಕೆ.

ಖಚಿತಪಡಿಸಿಕೊಳ್ಳುವ ಮನೆ ಪರೀಕ್ಷೆಯೊಂದಿದೆ. ಲೋಳೆಯನ್ನು ಟ್ಯಾಂಕಿನ ನೀರಿನೊಂದಿಗೆ ಬಾಟಲಿಗೆ ಹಾಕಿ ಜೋರಾಗಿ ಕುಲುಕಬೇಕು. ಟಿಶ್ಯೂ ಕಾಗದದಲ್ಲಿ ಸೋಸಿ, ಸೋಸಿ ಬಂದ ನೀರನ್ನು ಬೆಳಕಿನಡಿ ಒಂದು ಗಂಟೆ ಇಡಬೇಕು. ತಿಳಿಯಾಗಿದ್ದ ನೀರಿನಲ್ಲಿ ಎಳೆಗಳು ಮತ್ತೆ ಕೂಡಿಕೊಂಡರೆ ಅದು ಡೈನೊಫ್ಲಾಜೆಲೇಟ್. ಬಿಡಿ ಕೋಶಗಳು ಕಾಗದದ ಸಂದಿಯಲ್ಲಿ ನುಸುಳಿ ಬಂದು ಒಂದನ್ನೊಂದು ಹಿಡಿದುಕೊಂಡಿವೆ ಎಂದರ್ಥ. ಸಯನೋ ಹಾಗೆ ಕೂಡಿಕೊಳ್ಳುವುದಿಲ್ಲ.

ಸೂಕ್ಷ್ಮದರ್ಶಕ ಇಲ್ಲಿ ಬಹಳ ಮುಖ್ಯ, ಏಕೆಂದರೆ ಜಾತಿ ತಿಳಿಯದೆ ಚಿಕಿತ್ಸೆ ಆರಿಸಲಾಗದು. ಹುಣಸೆಬೀಜದ ಒಂದು ತುದಿಯನ್ನು ಚೂಪು ಮಾಡಿದಂತಿದ್ದು, ಕಟ್ಟಿಹಾಕಿದ ಕರು ಗೂಟದ ಸುತ್ತ ತಿರುಗಿದಂತೆ ಒಂದೇ ಜಾಗದಲ್ಲಿ ಗಿರಕಿ ಹೊಡೆಯುತ್ತಿದ್ದರೆ ಅದು ಆಸ್ಟ್ರಿಯಾಪ್ಸಿಸ್. ರಾತ್ರಿ ಅದು ಕಲ್ಲು ಬಿಟ್ಟು ನೀರಿಗೇಳುತ್ತದೆ. ಆಗ ನೀರನ್ನು ಯುವಿ ದೀಪದ ಕೊಳವೆಯ ಮೂಲಕ ನಿಧಾನವಾಗಿ ಹರಿಸಿದರೆ ಸಾಯುತ್ತದೆ. ಮೂರು ದಿನ ಟ್ಯಾಂಕಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿದರೆ ಕೆಲಸ ಇನ್ನೂ ಸಲೀಸು. ಮೊಟ್ಟೆಯಾಕಾರದಲ್ಲಿದ್ದು ಸರಸರನೆ ಜಾರಿಕೊಂಡು ಹೋಗುತ್ತಿದ್ದರೆ ಅದು ಆಂಫಿಡಿನಿಯಂ ಇರಬಹುದು. ಅದರ ಮನೆ ಮರಳು. ರಾತ್ರಿಯೂ ಅಲ್ಲೇ ಇರುವುದರಿಂದ ಯುವಿ ದೀಪಕ್ಕೆ ಹಾಕಿದ ಹಣ ವ್ಯರ್ಥ. ಅದರ ವಿರುದ್ಧ ಅನುಭವಿಗಳು ಮಾಡುವುದು ತಲೆಕೆಳಗಾದ ಉಪಾಯ: ಅಳತೆ ನೋಡಿ ಸಿಲಿಕೇಟ್ ಹಾಕಿ, ಮೊದಲ ವಾರಗಳಲ್ಲಿ ಬೈಸಿಕೊಂಡಿದ್ದ ಡಯಾಟಮ್ಮನ್ನೇ ಮತ್ತೆ ಬೆಳೆಸುತ್ತಾರೆ. ಅದು ಜಾಗ ಹಿಡಿದರೆ ಆಂಫಿಡಿನಿಯಂ ಹಿಂದೆ ಸರಿಯುತ್ತದೆ.

ಎರಡೂ ಜಾತಿಗೆ ಸಮಾನವಾದ ಮದ್ದು ಊಟ ಹಾಕುವುದು. ಫಾಸ್ಫೇಟ್ ಹೀರುವ ಪುಡಿಯನ್ನು ತೆಗೆದುಬಿಡಬೇಕು, ನೀರು ಬದಲಿಸುವುದನ್ನು ಕೆಲಕಾಲ ನಿಲ್ಲಿಸಬೇಕು, ಮೀನಿಗೆ ಕೊಂಚ ಹೆಚ್ಚು ಆಹಾರ ಹಾಕಬೇಕು. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.05ರಿಂದ 0.1 ಪಿಪಿಎಂ ಆಸುಪಾಸಿಗೆ ಬಂದರೆ ಇತರ ಸೂಕ್ಷ್ಮಜೀವಿಗಳು ಚೇತರಿಸಿಕೊಂಡು ಪೈಪೋಟಿಗಿಳಿಯುತ್ತವೆ. ಇದಕ್ಕೆ ವಾರಗಳು ಹಿಡಿಯುತ್ತವೆ. ಕೊಳಕು ನೀರಿನಲ್ಲಿ ಹಾವಸೆ ಬೆಳೆಯುತ್ತದೆ ಎಂದು ತಿಳಿದವರಿಗೆ, ನೀರನ್ನು ಬೇಕೆಂದೇ ಕೊಂಚ 'ಕೊಳಕು' ಮಾಡುವ ಈ ಚಿಕಿತ್ಸೆಯನ್ನು ನಂಬುವುದೇ ಕಷ್ಟ.

ಈ ಲೋಳೆಯನ್ನು ಬರಿಗೈಯಲ್ಲಿ ಉಜ್ಜಬಾರದು. ಆಸ್ಟ್ರಿಯಾಪ್ಸಿಸ್‌ನಲ್ಲಿ ಪ್ಯಾಲಿಟಾಕ್ಸಿನ್ ಬಳಗದ ವಿಷವಿರುತ್ತದೆ. 2005ರ ಬೇಸಿಗೆಯಲ್ಲಿ ಇಟಲಿಯ ಜಿನೋವಾ ಕಡಲತೀರದಲ್ಲಿ ಇದು ಹೆಚ್ಚಿದಾಗ, ಅಲೆಗಳಿಂದೆದ್ದ ತುಂತುರನ್ನು ಉಸಿರಾಡಿದ ಸುಮಾರು 200 ಜನ ಜ್ವರ, ಕೆಮ್ಮು, ಉಬ್ಬಸವೆಂದು ವೈದ್ಯರ ಬಳಿ ಹೋಗಬೇಕಾಯಿತು. ಟ್ಯಾಂಕಿನಲ್ಲಿ ಕೈಗವಸು ಹಾಕಿಕೊಂಡೇ ಕೆಲಸ ಮಾಡಬೇಕು. ಈ ವಂಶದ ಎಲ್ಲವೂ ಕೇಡಿಗಳೆಂದಲ್ಲ. 2020ರ ಕೊನೆಯಲ್ಲಿ ಉಡುಪಿ, ದಕ್ಷಿಣ ಕನ್ನಡದ ತೀರದಲ್ಲಿ ರಾತ್ರಿಯ ಅಲೆಗಳು ನೀಲಿಯಾಗಿ ಹೊಳೆದಾಗ ಜನ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗಿದ್ದರು. ಆ ಬೆಳಕಿನ ನಾಕ್ಟಿಲೂಕಾ ಕೂಡ ಡೈನೊಫ್ಲಾಜೆಲೇಟೇ. ಹವಳದ ಮೈಯೊಳಗಿದ್ದುಕೊಂಡು ಅದಕ್ಕೆ ಬಣ್ಣವನ್ನೂ ಅನ್ನವನ್ನೂ ಕೊಡುವ ಜೀವಿಯೂ ಇದೇ ವಂಶದ್ದು.

ನಮ್ಮ ದೇಶದ ಟ್ಯಾಂಕುಗಳಲ್ಲಿ ಈ ಪೀಡೆಗೆ ಎಡೆ ಹೆಚ್ಚು. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ; ಕಡಲಿನಿಂದ ಹವಳದ ಕಲ್ಲು ಎತ್ತಿ ತಂದು ಮಾರುವುದು ಅಪರಾಧ. ಅದು ಹಾಗೆಯೇ ಇರಬೇಕು. ಹಾಗಾಗಿ ಪ್ರಾಮಾಣಿಕವಾಗಿ ಶುರು ಮಾಡುವವರು ಒಣ ಕಲ್ಲು ಅಥವಾ ಸೆರಾಮಿಕ್ ಕಲ್ಲಿನಿಂದ ಶುರು ಮಾಡುತ್ತಾರೆ. ಅದರ ಮೇಲೆ ಕಡಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಇರುವುದಿಲ್ಲ. ಖಾಲಿ ನಿವೇಶನಕ್ಕೆ ಮೊದಲು ಬಂದವರು ಬೇಲಿ ಹಾಕಿಕೊಂಡಂತೆ ಆಗುತ್ತದೆ. ಇದಕ್ಕೆ ಪರಿಹಾರ ಕಡಲ ಕಲ್ಲಲ್ಲ. ಮೂರ್ನಾಲ್ಕು ವರ್ಷ ಆರೋಗ್ಯವಾಗಿ ನಡೆದ ಟ್ಯಾಂಕ್ ಇರುವ ಗೆಳೆಯರಿಂದ ಒಂದು ಹಿಡಿ ಮರಳು ಕೇಳಿ ತಂದು ಬೆರೆಸಿದರೆ ಸಾಕು. ಯಾವ ಹವಳ, ಯಾವ ಮೀನನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು ಎಂಬುದನ್ನು ಅಂಗಡಿಯವರ ಮಾತಿನ ಮೇಲೆ ಬಿಡದೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಕೊಳ್ಳಬೇಕು.

ಹಸಿರು ಕೂದಲು ಮತ್ತು ಮೇಯುವವರು

ಹಸಿರು ಕೂದಲಿಗೆ ಬಂದರೆ, ಇದು ನಿಜವಾದ ಪಾಚಿ; ಬೇಕಾದ್ದು ಗೊಬ್ಬರ ಮತ್ತು ಬೆಳಕು. ಆದರೆ ಇದರ ಕಥೆಯಲ್ಲಿ ಮೂರನೆಯ ಪಾತ್ರವೊಂದಿದೆ, ಅದನ್ನು ಕೆರಿಬಿಯನ್ ಕಡಲು ಕಲಿಸಿತು. 1983ರ ಜನವರಿಯಲ್ಲಿ ಪನಾಮಾ ತೀರದಲ್ಲಿ ಡಯಾಡೆಮಾ ಎಂಬ ಉದ್ದ ಮುಳ್ಳಿನ ಕಪ್ಪು ಕಡಲುಕುಡಿಕೆಗಳು ರೋಗದಿಂದ ಸಾಯತೊಡಗಿದವು. ಸುಮಾರು ಒಂದು ವರ್ಷದಲ್ಲಿ ಇಡೀ ಕೆರಿಬಿಯನ್ನಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾದವು. ಜಮೈಕಾದ ಮೀನುಗಾರರು ಪಾಚಿ ಮೇಯುವ ಮೀನುಗಳನ್ನು ಅದಕ್ಕೂ ಮೊದಲೇ ಬಹುಪಾಲು ಹಿಡಿದು ಮುಗಿಸಿದ್ದರು. 1980ರ ಚಂಡಮಾರುತ ಹವಳವನ್ನು ಮುರಿದುಹಾಕಿತ್ತು. ಮೇಯಲು ಉಳಿದಿದ್ದದ್ದು ಆ ಕಡಲುಕುಡಿಕೆ ಒಂದೇ. ಅದೂ ಹೋದ ಮೇಲೆ ಏನಾಯಿತೆಂದು ವಿಜ್ಞಾನಿ ಟೆರಿ ಹ್ಯೂಸ್ 1994ರಲ್ಲಿ ಪ್ರಕಟಿಸಿದರು: ಜಮೈಕಾದ ತೀರದಲ್ಲಿ 1970ರ ದಶಕದ ಕೊನೆಯಲ್ಲಿ ಶೇ. 50ರಷ್ಟಿದ್ದ ಹವಳದ ಹೊದಿಕೆ 1990ರ ದಶಕದ ಆರಂಭಕ್ಕೆ ಶೇ. 5ಕ್ಕಿಂತ ಕೆಳಗಿಳಿದಿತ್ತು, ಶೇ. 4ರಷ್ಟಿದ್ದ ಪಾಚಿ ಶೇ. 90 ದಾಟಿತ್ತು.

ಮನೆಯ ಟ್ಯಾಂಕಿಗೂ ಪಾಠ ಇದೇ. ಮೇಯುವವರು ಒಂದೇ ಬಗೆಯಾಗಿರಬಾರದು. ಟ್ರೋಕಸ್ ಬಸವನಹುಳು ಗಾಜು ಮತ್ತು ಕಲ್ಲಿನ ಮೇಲಿನ ಎಳೆ ಪಾಚಿ ಕೆರೆಯುತ್ತದೆ. ಮಗುಚಿ ಬಿದ್ದರೂ ತಾನೇ ಎದ್ದುಕೊಳ್ಳುವುದು ಅದರ ದೊಡ್ಡ ಗುಣ. ಟರ್ಬೊ ಹುಳು ಹೆಚ್ಚು ತಿನ್ನುತ್ತದೆ, ಹವಳಗಳನ್ನು ಬುಲ್ಡೋಜರಿನಂತೆ ಉರುಳಿಸುತ್ತದೆ ಕೂಡ. ನಾಲ್ಕಡಿಗಿಂತ ಉದ್ದದ ಟ್ಯಾಂಕಿಲ್ಲದಿದ್ದರೆ ಸರ್ಜನ್ ಮೀನನ್ನು ತರಬಾರದು. ಮೇಯುವ ಹೆಚ್ಚಿನ ಜೀವಿಗಳು ಬೆರಳುದ್ದ ಬೆಳೆದ ಕೂದಲನ್ನು ಮುಟ್ಟುವುದಿಲ್ಲ. ಅದನ್ನು ಮನುಷ್ಯರೇ ಕೀಳಬೇಕು: ಕಲ್ಲನ್ನು ಹೊರತೆಗೆದು, ಟ್ಯಾಂಕಿನ ನೀರು ತುಂಬಿದ ಬಕೆಟ್ಟಿನಲ್ಲಿ ಬ್ರಷ್ಷಿನಿಂದ ಉಜ್ಜಿ, ಹವಳವಿಲ್ಲದ ಕಡೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಸವರಿ, ಒಂದೆರಡು ನಿಮಿಷ ಬಿಟ್ಟು ತೊಳೆದು ಮರಳಿ ಇಡಬೇಕು. ಗಿಡ್ಡಗಾದದ್ದನ್ನು ಮುಂದೆ ಹುಳುಗಳು ನೋಡಿಕೊಳ್ಳುತ್ತವೆ.

ಫಾಸ್ಫೇಟ್ ಇಳಿಸುವುದು ಬೇಕು, ಆದರೆ ಮೆಲ್ಲಗೆ. 0.5 ಪಿಪಿಎಂ ಇದ್ದದ್ದು ಒಂದೆರಡು ತಿಂಗಳಲ್ಲಿ 0.1ರ ಸುತ್ತ ಬಂದರೆ ಸಾಕು. ಮಕ್ಕಳು, ಅಜ್ಜಿ, ನೆಂಟರು ಎಲ್ಲರೂ ಒಂದೊಂದು ಚಿಟಿಕೆ ಆಹಾರ ಹಾಕುವ ಮನೆಯಲ್ಲಿ ಯಾವ ರಾಸಾಯನಿಕವೂ ಗೆಲ್ಲುವುದಿಲ್ಲ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಈ ಸಮಸ್ಯೆಯನ್ನು ಇನ್ನೊಂದು ಬದಿಯಿಂದ ನೋಡಿದರು. ಪಾಚಿ ಬೆಳೆದೇ ಬೆಳೆಯುತ್ತದೆ ಎಂದಾದರೆ ಅದಕ್ಕೊಂದು ಬೇರೆ ಜಾಗ ಕೊಡೋಣ ಎಂದು, ಟ್ಯಾಂಕಿನ ನೀರನ್ನು ಜೋರು ಬೆಳಕಿನಡಿ ಒರಟು ಜಾಲರಿಯ ಮೇಲೆ ಹರಿಸಿ, ಅಲ್ಲಿ ಬೆಳೆದ ಪಾಚಿಯನ್ನು ಆಗಾಗ ಕೆರೆದು ತೆಗೆಯುವ ಏರ್ಪಾಡು ಮಾಡಿದರು. ಕೆರೆದ ಪಾಚಿಯೊಂದಿಗೆ ನೈಟ್ರೇಟೂ ಫಾಸ್ಫೇಟೂ ಹೊರಹೋಗುತ್ತವೆ. ಇಂದು ಟ್ಯಾಂಕಿನ ಕೆಳಗಿಡುವ ಸಂಪ್ ಎಂಬ ಸೋಸುವ ತೊಟ್ಟಿಯಲ್ಲಿ ಕೀಟೊಮಾರ್ಫಾ ಪಾಚಿಯ ಉಂಡೆ ಬೆಳೆಸುವವರು ಅನುಸರಿಸುವುದೂ ಇದೇ ತತ್ವ.

ಕೂದಲಿನಂತಲ್ಲದೆ ಪುಟ್ಟ ನವಿಲುಗರಿಯಂತೆ, ನಡುದಂಟಿನ ಎರಡೂ ಬದಿ ಎಳೆ ಚಾಚಿದ್ದರೆ ಅದು ಬ್ರಯಾಪ್ಸಿಸ್. ಉಜ್ಜಿದರೂ ಹೋಗದು, ಹೆಚ್ಚಿನ ಹುಳುಗಳು ಮೂಸಿಯೂ ನೋಡವು. ಇದೊಂದಕ್ಕೆ ಮಾತ್ರ ಔಷಧಿಯೇ ದಾರಿ. ಮನುಷ್ಯರ ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಅನ್ನು ಲೀಟರಿಗೆ ಸುಮಾರು 5 ಮಿಲಿಗ್ರಾಂ ಲೆಕ್ಕದಲ್ಲಿ ಹಾಕಿ, ನೀರು ಸೋಸುವ ಇದ್ದಿಲನ್ನು ತೆಗೆದಿಟ್ಟು ಎರಡು ಮೂರು ವಾರ ಬಿಡುತ್ತಾರೆ. ಬರಿಯ ಅಂದಾಜಿನ ಮೇಲೆ ಇದನ್ನು ಬಳಸುವಂತಿಲ್ಲ. ಗರಿಯ ಆಕಾರ ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಂಡಿರಬೇಕು. ಔಷಧಿ ನಿರೋಧಕ ಶಿಲೀಂಧ್ರಗಳು ಹೆಚ್ಚುತ್ತಿರುವ ಕಾಲದಲ್ಲಿ ಇದು ಆಟದ ವಸ್ತುವಲ್ಲ. ಮುಗಿದ ಮೇಲೆ ಹೊಸ ಇದ್ದಿಲು ಹಾಕಿ ನೀರಿನಿಂದ ಔಷಧಿಯನ್ನು ಹೀರಿಸಿ, ಆಮೇಲೆ ನೀರು ಬದಲಿಸಬೇಕು.

ಹಸಿರು ಮಣಿಯಂತೆ ಹೊಳೆಯುವ ವಲೋನಿಯಾ ನೋಡಲು ಚೆಂದ. ಒಂದೊಂದು ಗುಳ್ಳೆಯೂ ಒಂದೇ ಒಂದು ಕೋಶ. ಒಡೆಯದಂತೆ ಬುಡಸಮೇತ ಎಬ್ಬಿಸಿ, ಪಕ್ಕದಲ್ಲೇ ಪೈಪ್ ಹಿಡಿದು ಹೀರಿಕೊಂಡರೆ ಸಾಕು. ಎಮರಾಲ್ಡ್ ಏಡಿ ಇದನ್ನು ತಿನ್ನುತ್ತದೆ.

ಪಾಚಿಯಲ್ಲದ ಕಳೆ

ಏಪ್ಟೇಸಿಯಾ ಕಡಲ ಹೂವಿನ ಜಾತಿಯ ಪ್ರಾಣಿ. ಕಂದು ಬಣ್ಣದ, ಅರೆಪಾರದರ್ಶಕ ಪುಟ್ಟ ತಾಳೆಮರದಂತಿರುವ ಇದನ್ನು ಮೊದಲ ಸಲ ಕಂಡವರು ಉಚಿತವಾಗಿ ಹವಳ ಸಿಕ್ಕಿತೆಂದು ಸಂಭ್ರಮಿಸುತ್ತಾರೆ. ಮುಟ್ಟಲು ಹೋದರೆ ತಟ್ಟನೆ ಕಲ್ಲಿನ ಸಂದಿಗೆ ಎಳೆದುಕೊಳ್ಳುತ್ತದೆ. ಕುಟುಕು ಎಳೆಗಳಿಂದ ಪಕ್ಕದ ಹವಳವನ್ನು ಸುಡುತ್ತದೆ. ಚಾಕುವಿನಿಂದ ಕೆರೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಪಾದದ ಪ್ರತಿ ಚೂರೂ ಹೊಸ ಏಪ್ಟೇಸಿಯಾ ಆಗಬಲ್ಲದು. ಹೀಗೆ ಸುಲಭವಾಗಿ ಬೆಳೆಯುವ ಗುಣಕ್ಕಾಗಿಯೇ ವಿಜ್ಞಾನಿಗಳು ಹವಳದ ಬದಲಿಗೆ ಇದನ್ನು ಪ್ರಯೋಗಾಲಯದಲ್ಲಿ ಸಾಕಿ ಅಧ್ಯಯನ ಮಾಡುತ್ತಾರೆ.

ಇದಕ್ಕೆ ಮದ್ದು ಸುಣ್ಣ. ಶುದ್ಧವಾದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಡಿಐ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಪಂಪುಗಳನ್ನು ನಿಲ್ಲಿಸಿ, ಸಿರಿಂಜಿನಿಂದ ಬಾಯಿಯ ಮೇಲೆ ಮೆಲ್ಲಗೆ ಬಿಟ್ಟು ಪೂರ್ತಿ ಮುಚ್ಚಬೇಕು. ಎಲೆ ಅಡಿಕೆಯ ಡಬ್ಬಿಯ ಸುಣ್ಣ ಬೇಡ. ಅದರಲ್ಲಿ ಬೇರೇನೇನು ಬೆರೆತಿದೆಯೋ ತಿಳಿಯದು. ಒಂದೇ ದಿನ ಹತ್ತಾರಕ್ಕೆ ಹಾಕಿದರೆ ನೀರಿನ ಪಿಎಚ್ ಏರಿ ಉಳಿದವರಿಗೆ ಕಷ್ಟ. ದಿನಕ್ಕೆ ಮೂರ್ನಾಲ್ಕು ಸಾಕು. ನೂರಾರು ಇದ್ದಲ್ಲಿ ಪೆಪ್ಪರ್‌ಮಿಂಟ್ ಸೀಗಡಿ ಬಿಟ್ಟು ನೋಡಬಹುದು. ಬರ್ಗಿಯಾ ಎಂಬ ಬೆರಳ ಉಗುರಿನಷ್ಟಿರುವ ಗೊಂಡೆಹುಳು ಏಪ್ಟೇಸಿಯಾ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ತಿಂದು ಮುಗಿಸಿದ ದಿನ ಅದನ್ನು ಇನ್ನೊಬ್ಬರ ಟ್ಯಾಂಕಿಗೆ ದಾಟಿಸದಿದ್ದರೆ ಹಸಿದು ಸಾಯುತ್ತದೆ.

ಕಿತ್ತ ಪಾಚಿಯನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆಗೆ ಹೆಚ್ಚಿನವರು ತಲೆಕೆಡಿಸಿಕೊಳ್ಳುವುದಿಲ್ಲ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಲ್ಲಿ ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಅಕ್ವೇರಿಯಂ ಪಾಚಿ ಒಂದು ಚದರ ಮೀಟರಿನಷ್ಟು ಜಾಗದಲ್ಲಿ ಕಾಣಿಸಿತು. 1989ಕ್ಕೆ ಅದು ಒಂದು ಹೆಕ್ಟೇರ್ ಆಗಿತ್ತು. ಆಮೇಲೆ ಮೆಡಿಟರೇನಿಯನ್ ತೀರದ ದೇಶದಿಂದ ದೇಶಕ್ಕೆ ಹಬ್ಬಿತು, ತಡೆಯಲಾಗಲಿಲ್ಲ. ಅದೇ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್ ಹಿನ್ನೀರಿನಲ್ಲಿ ಸಿಕ್ಕಾಗ ಅಲ್ಲಿನವರು ತಡಮಾಡದೆ ಟಾರ್ಪಾಲು ಹೊದಿಸಿ ಕ್ಲೋರಿನ್ ಬಿಟ್ಟು ಕೊಂದರು. ಪೂರ್ತಿ ಹೋಯಿತೆಂದು ಘೋಷಿಸಲು 2006ರವರೆಗೆ ಕಾಯಬೇಕಾಯಿತು, ಲಕ್ಷಾಂತರ ಡಾಲರ್ ಖರ್ಚಾಯಿತು. ನಮ್ಮಲ್ಲೂ ಕೃಷಿಗೆಂದು ತಂದ ಕಪ್ಪಾಫೈಕಸ್ ಕಡಲಪಾಚಿ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಜೀವಂತ ಹವಳದ ಮೇಲೆ ಹಬ್ಬಿದ್ದನ್ನು 2008ರಲ್ಲಿ ವಿಜ್ಞಾನಿಗಳು ದಾಖಲಿಸಿದರು.

ಮುರ್ಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಕರ್ನಾಟಕದ್ದೇ ಹವಳಗಳಿವೆ. ಟ್ಯಾಂಕಿನಿಂದ ಕಿತ್ತ ಯಾವ ಪಾಚಿಯನ್ನೂ, ಬೇಡವಾದ ಯಾವ ಜೀವಿಯನ್ನೂ ಚರಂಡಿಗೆ, ಹೊಳೆಗೆ, ಕಡಲಿಗೆ ಬಿಡಬೇಡಿ. ಪಾಚಿಯನ್ನು ಹಳೆಯ ಬಟ್ಟೆಯಲ್ಲಿ ಸೋಸಿ, ತಾರಸಿಯ ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಕಸದ ಗಾಡಿಗೆ ಹಾಕಿ.